ಮಹಾಭಾರತದ ಪಾಠಶೋಧನೆ: ಪುಣೆಯಲ್ಲಿ ನಡೆದ ಒಂದು ಸಮೂಹಕಾರ್ಯ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಹೆಸರನ್ನು ಕೇಳದವರು ವಿರಳ. ಅಲ್ಲಿ ೧೯೧೯ರಲ್ಲಿ ತೊಡಗಿ ೧೯೬೬ರಲ್ಲಿ ಮುಗಿದ ಮಹಾಭಾರತದ ಸಂಶೋಧಿತ ಆವೃತ್ತಿಯ ಪಾಂಡಿತ್ಯವನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಪ್ರಸ್ತುತ ನಮ್ಮ ವಿಚಾರ ಅದಲ್ಲ. ೧,೨೫೯ ಹಸ್ತಪ್ರತಿಗಳನ್ನು ಪರಿಶೀಲಿಸಿ, ೧೯ ಸಂಪುಟಗಳಾಗಿ, ೧೩,೦೦೦ಕ್ಕೆ ಮಿಕ್ಕ ಪುಟಗಳಲ್ಲಿ ಹೊರಬಂದ ಈ ಕಾರ್ಯ ಒಬ್ಬರ ಕೈಯಿಂದಾದುದಲ್ಲ, ಒಂದು ತಲೆಮಾರಿನಲ್ಲಿ ಆದುದೂ ಅಲ್ಲ. ತಮ್ಮ ಕಾಲದಲ್ಲಿ ಮುಗಿಯುವುದೋ ಇಲ್ಲವೋ ಎಂಬಂಥ ಕೆಲಸವನ್ನು ಹತ್ತಾರು ಜನ ಬೇಸರಿಸದೆ, ಅದಕ್ಕಿಂತ ಮುಖ್ಯವಾಗಿ ತಪ್ಪಿಲ್ಲದೆ, ಮಾಡುತ್ತ ಹೋದದ್ದು ಹೇಗೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಇಂಥ ಆವೃತ್ತಿ ಬೇಕೆಂಬ ಮಾತನ್ನು ಎತ್ತಿದವರು ಯುರೋಪಿನವರು. ೧೮೯೭ರ ಪ್ಯಾರಿಸ್ ಪ್ರಾಚ್ಯವಿದ್ಯಾ ಸಮ್ಮೇಲನದಲ್ಲಿ ವಿಂಟರ್‌ನಿಟ್ಸ್ ಅದನ್ನು ಪ್ರತಿಪಾದಿಸಿದರು. ೧೯೦೮ರಲ್ಲಿ ಲ್ಯೂಡರ್ಸ್ ಮಾದರಿಗೆಂದು ಕೆಲವು ಪುಟಗಳನ್ನು ಅಚ್ಚು ಹಾಕಿಸಿದರು. ಆಮೇಲೆ ಮಹಾಯುದ್ಧ ಬಂದಿತು. ಅಕಾಡೆಮಿಗಳ ಬೆಂಬಲವಿದ್ದರೂ ಕೆಲಸ ಮಾದರಿಯನ್ನು ದಾಟಲಿಲ್ಲ. ಇತ್ತ ಔಂಧದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿಯವರು ಒಂದು ಲಕ್ಷ ರೂಪಾಯಿಗಳ ವಾಗ್ದಾನ ಮಾಡಿದರು. ೧೯೧೯ರ ಏಪ್ರಿಲ್ ೧ರಂದು ವೃದ್ಧರಾದ ರಾಮಕೃಷ್ಣ ಗೋಪಾಳ ಭಾಂಡಾರಕರರೇ ಕಾರ್ಯಾರಂಭ ಮಾಡಿಕೊಟ್ಟರು. ಉಟಗೀಕರರು ಸಿದ್ಧಪಡಿಸಿದ ವಿರಾಟಪರ್ವದ ತಾತ್ಕಾಲಿಕ ಆವೃತ್ತಿ ೧೯೨೩ರಲ್ಲಿ ಪ್ರಕಟವಾಯಿತು. ೧೯೨೫ರ ಆಗಸ್ಟ್‌ನಲ್ಲಿ ಪ್ರಧಾನ ಸಂಪಾದಕತ್ವ ವಿಷ್ಣು ಸೀತಾರಾಮ ಸುಕಥನಕರರ ಹೆಗಲಿಗೆ ಬಂದಿತು.

ಸುಕಥನಕರರು ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿ, ಬರ್ಲಿನ್ನಿನಲ್ಲಿ ಆ ಲ್ಯೂಡರ್ಸರಲ್ಲಿಯೇ ಶಿಷ್ಯವೃತ್ತಿ ಮಾಡಿದವರು. ಅವರ ಪ್ರೌಢಪ್ರಬಂಧದ ವಿಷಯ ಶಾಕಟಾಯನ ವ್ಯಾಕರಣ. ಎಂದರೆ ತನ್ನ ವೃತ್ತಿಗೆ ರಾಷ್ಟ್ರಕೂಟ ಅಮೋಘವರ್ಷನ ಹೆಸರನ್ನಿಟ್ಟ, ನಮ್ಮ ನಾಡಿನ ಜೈನ ವೈಯಾಕರಣನ ಗ್ರಂಥ. ಇದು ಪ್ರಾಸಂಗಿಕ, ಆದರೆ ಕನ್ನಡಿಗನಿಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

ಅವರ ಕಾಲದ ಕಾರ್ಯಕ್ರಮವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಅಡ್ಡಗೆರೆ ಉದ್ದಗೆರೆಗಳನ್ನೆಳೆದ ಫೂಲ್ಸ್‌ಕ್ಯಾಪ್ ಹಾಳೆಯ ನೆತ್ತಿಯ ಮೇಲೆ, ಶಕ ೧೭೯೯ರ ಗಣಪತ ಕೃಷ್ಣಾಜಿಯವರ ಮುಂಬಯಿ ಮುದ್ರಣದ ಒಂದು ಶ್ಲೋಕವನ್ನು ದಪ್ಪಕ್ಷರದಲ್ಲಿ ಬರೆಯುವುದು. ಅದರ ಕೆಳಗೆ ಒಂದೊಂದು ಹಸ್ತಪ್ರತಿಗೆ ಒಂದೊಂದು ಸಾಲು. ಪ್ರತಿಯಲ್ಲಿ ಎಲ್ಲಿ ಭೇದವಿದೆಯೋ ಅದನ್ನು ಮೂಲದ ಅಕ್ಷರದ ನೇರ ಕೆಳಗೆ, ಅಕ್ಷರ ಅಕ್ಷರವಾಗಿ ತುಂಬುವುದು. ಬಲಕ್ಕೆ ನಾಲ್ಕು ಅಂಗುಲದ ಅಂಕಣ: ತಿದ್ದುಪಡಿ, ಅಂಚಿನ ಬರಹ, ಓದಲಾಗದ ಸ್ಥಳ, ಹೆಚ್ಚಿನ ಶ್ಲೋಕ ಇವೆಲ್ಲ ಅಲ್ಲಿಗೆ. ಹೆಚ್ಚಿನ ಭಾಗ ತೀರ ಉದ್ದವಾದರೆ ‘ಶೋಧಪತ್ರ’ವೆಂಬ ಬೇರೆ ಹಾಳೆ. ಮೇಲ್ವಿಚಾರಕರು ಪರೀಕ್ಷಿಸಿದ ಮೇಲೆಯೇ ಹಾಳೆ ಸಂಪಾದಕರ ಕೈಗೆ. ಯಾವ ಭಾಗಕ್ಕೂ ಹತ್ತು ಪ್ರತಿಗಳಿಗೆ ಕಡಿಮೆಯಿಲ್ಲ. ಆದಿಪರ್ವದ ಮೊದಲ ಎರಡು ಅಧ್ಯಾಯಗಳಿಗಂತೂ ಅರವತ್ತು ಪ್ರತಿಗಳು. ಕೆಲಸ ಮಾಡಿದವರು ಉತ್ತರದ ಹಾಗೂ ದಕ್ಷಿಣದ ಶಾಸ್ತ್ರಿಗಳು, ವಿಶ್ವವಿದ್ಯಾಲಯದ ಪದವೀಧರರು; ಶಾಂತಿನಿಕೇತನ, ತಂಜಾವೂರುಗಳಲ್ಲಿಯೂ ಪಾಠ ತಾಳೆನೋಡುವ ಕೆಲಸ ನಡೆಯಿತು. ಬಳಸಿದ ಪ್ರತಿಗಳಲ್ಲಿ ನಮ್ಮ ಮೇಲುಕೋಟೆಯ ಯದುಗಿರಿ ಯತಿರಾಜ ಮಠದ ತಾಳೆಗರಿಗಳೂ ಇದ್ದವು.

ಈ ಹಾಳೆಯ ಗುಣವೆಂದರೆ, ದಿನದ ದುಡಿಮೆ ಅದರಲ್ಲಿ ಕಣ್ಣಿಗೆ ಕಾಣುತ್ತದೆ. ಹಿಂದೊಮ್ಮೆ ಈ ಲೇಖಕನು ಬೇರೊಂದು ಊರಿನ ಸಂಸ್ಥೆಯ ಗ್ರಂಥಸೂಚಿಯ ಕೆಲಸದಲ್ಲಿ ಕೈಗೂಡಿಸಿದ್ದನು. ಉತ್ಸಾಹಕ್ಕೆ ಕೊರತೆಯಿರಲಿಲ್ಲ, ಭಾಷಣಗಳಿಗೂ ಇರಲಿಲ್ಲ. ಆದರೆ ಚೀಟಿಗಳನ್ನು ಯಾರು ಬರೆದರು, ಯಾರು ನೋಡಿದರು ಎಂಬುದಕ್ಕೆ ಗುರುತೇ ಇರಲಿಲ್ಲ. ಎರಡು ವರ್ಷಗಳಾದ ಮೇಲೆ ಒಳ್ಳೆಯ ಚೀಟಿಯನ್ನೂ ಯಾರೂ ನಂಬಲಾರದೆ ಹೋದರು; ಚೆನ್ನಾಗಿ ದುಡಿದವರೇ ಮೊದಲು ಬಿಟ್ಟುಹೋದರು.

ಇನ್ನೊಂದು ಅಂಶ ಇದಕ್ಕಿಂತ ಸೂಕ್ಷ್ಮವಾದುದು. ಶಾಸ್ತ್ರಿಗಳಿಗೆ ಭಾರತವು ಪಂಚಮವೇದ. ವ್ಯಾಸರು ಹೇಳಿದಂತೆ ಗಣಪತಿ ಬರೆದನೆಂಬ ಕಥೆ ಹಳೆಯ ಪ್ರತಿಗಳ ಸಾಕ್ಷ್ಯಕ್ಕೆ ನಿಲ್ಲದೆಂದು ಸುಕಥನಕರರು ಅದನ್ನು ಮೂಲಪಾಠದಿಂದ ಹೊರಗಿಟ್ಟರು. ಇಂಥ ನಿರ್ಣಯಕ್ಕೆ ಸಾಮಗ್ರಿಯನ್ನು ಒದಗಿಸುವ ಕೆಲಸವನ್ನು ಶ್ರದ್ಧಾವಂತರಿಂದ ನಿಷ್ಪಕ್ಷಪಾತವಾಗಿ ಮಾಡಿಸುವುದು ಸುಲಭವಲ್ಲ. ಆದರೆ ಹೊರಗಿಟ್ಟದ್ದನ್ನು ಎಸೆಯಲಿಲ್ಲ. ಆ ಕಥೆ ಅನುಬಂಧದಲ್ಲಿ ಇಡಿಯಾಗಿ ಅಚ್ಚಾಗಿದೆ. ಪಾಠಾಂತರಗಳು ಪುಟದ ಅಡಿಯಲ್ಲಿವೆ. ಸಂಪಾದಕರು ಒಪ್ಪದ ಓದನ್ನು ವಾಚಕನು ಆರಿಸಿಕೊಳ್ಳಬಹುದು. ಶಾಸ್ತ್ರಿಗಳ ಹೆಸರು ಮುಖಪುಟದಲ್ಲಿಲ್ಲ, ನಿಜ. ಅವರ ಸಾಲು ಮಾತ್ರ ವ್ಯರ್ಥವಾಗಲಿಲ್ಲ. ತನ್ನ ಶ್ರಮ ಕಸದ ಬುಟ್ಟಿಗೆ ಹೋಗದೆಂಬ ನಂಬಿಕೆ ಬಹುಮಾನಕ್ಕಿಂತ ದೊಡ್ಡ ಪ್ರೇರಣೆಯೆಂದು ನಮಗೆ ತೋರುತ್ತದೆ.

ಹಣ ಕೊಟ್ಟವರನ್ನೂ ಕಾಯಿಸಬಾರದಷ್ಟೆ. ಆದಿಪರ್ವವನ್ನು ೧೯೨೭ರಿಂದ ೧೯೩೩ರ ವರೆಗೆ ಏಳು ಸಂಚಿಕೆಗಳಾಗಿ ಹೊರಡಿಸಲಾಯಿತು. ಟೀಕೆಗೂ ಬೇಗನೆ ದಾರಿಯಾಯಿತು. ಜರ್ಮನ್ ವಿದ್ವಾಂಸ ರೂಬೆನ್ ಆಕ್ಷೇಪವೆತ್ತಿದಾಗ ೧೯೩೦ರಲ್ಲಿ ಮಂದಿರದ ಪತ್ರಿಕೆಯಲ್ಲಿ ಉತ್ತರ ಬರೆದವರು ಸ್ವತಃ ಪ್ರಧಾನ ಸಂಪಾದಕರು. ಮುಂದೆ ನೇಪಾಳದ ರಾಜಗುರು ಹೇಮರಾಜ ಪಂಡಿತರ ಮೂಲಕ ಆದಿಪರ್ವದ ಅತಿ ಪ್ರಾಚೀನ ಪ್ರತಿಯೊಂದು ದೊರೆತು, ಪುಣೆಯಲ್ಲಿ ನಿರ್ಣಯಿಸಿದ ಪಾಠಕ್ಕೆ ಹಲವೆಡೆ ಬೆಂಬಲ ಕೊಟ್ಟಾಗ, ಆ ಸಂತೋಷ ಹಾಳೆ ತುಂಬಿದವರಿಗೂ ಸೇರತಕ್ಕದ್ದಾಗಿತ್ತು.

ಎಲ್ಲ ಪರ್ವಗಳನ್ನೂ ತಾವೇ ಸಂಪಾದಿಸುವ ಆಸೆಯನ್ನು ಸುಕಥನಕರರು ಇಟ್ಟುಕೊಳ್ಳಲಿಲ್ಲ. ಅತ್ಯಂತ ಕಠಿನವಾದ ಆದಿಪರ್ವವನ್ನೂ ಮುಂದೆ ಆರಣ್ಯಕಪರ್ವವನ್ನೂ ತಾವು ಹೊತ್ತು, ವಿರಾಟವನ್ನು ರಘುವೀರರಿಗೆ, ಉದ್ಯೋಗವನ್ನು ಸುಶೀಲಕುಮಾರ ದೇ ಅವರಿಗೆ, ಸಭಾಪರ್ವವನ್ನು ಅಮೆರಿಕದ ಎಜರ್ಟನ್ನರಿಗೆ ಒಪ್ಪಿಸಿದರು. ಆಯಾ ಪರ್ವಕ್ಕೆ ಆಯಾ ಸಂಪಾದಕರದೇ ಹೆಸರು, ಅವರದೇ ಹೊಣೆ. ೧೯೪೩ರ ಜನವರಿ ೨೧ರಂದು, ಮುಂಬಯಿ ವಿಶ್ವವಿದ್ಯಾಲಯದ ನಾಲ್ಕು ಉಪನ್ಯಾಸಗಳಲ್ಲಿ ಮೂರನ್ನು ಮುಗಿಸಿ, ನಾಲ್ಕನೆಯದಕ್ಕೆ ಮುನ್ನವೇ ಅವರು ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ಬೇಲ್ವಲಕರರು ೧೯೬೧ರ ವರೆಗೆ, ಅನಂತರ ಪರಶುರಾಮ ಲಕ್ಷ್ಮಣ ವೈದ್ಯರು ಅದೇ ಕ್ರಮದಲ್ಲಿ ಮುಂದುವರಿಸಿದರು.

೧೯೬೬ರ ಸೆಪ್ಟೆಂಬರ್ ೨೨ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಪುಣೆಯಲ್ಲಿ ಕಾರ್ಯಸಮಾಪ್ತಿಯನ್ನು ಘೋಷಿಸಿದರು. ಖಿಲವಾದ ಹರಿವಂಶ ಇನ್ನೂ ಉಳಿದಿತ್ತು. ವೈದ್ಯರು ಅದರ ಮೊದಲ ಸಂಪುಟವನ್ನು ೧೯೬೯ರಲ್ಲಿಯೂ ಎರಡನೆಯದನ್ನು ೧೯೭೧ರಲ್ಲಿಯೂ ಹೊರತಂದರು.