ಸೊಡರೆಣ್ಣೆಯ ಲೆಕ್ಕ

ನಲವತ್ತೈದು ದಾಟಿದ ಮನುಷ್ಯನಿಗೆ ಹೊಸ ಹವ್ಯಾಸವೊಂದು ಅಂಟಿಕೊಂಡರೆ ಮನೆಯವರು ಮೊದಲು ನಗುತ್ತಾರೆ, ಆಮೇಲೆ ಖರ್ಚಿನ ಲೆಕ್ಕ ಕೇಳುತ್ತಾರೆ. ನನಗೆ ಅಂಟಿದ್ದು ದೀಪ ಹಚ್ಚುವ ಹವ್ಯಾಸ. ಒಂದಲ್ಲ, ಎರಡಲ್ಲ, ದೀಪಾವಳಿಯಿಂದ ಕಾರ್ತಿಕ ಮುಗಿಯುವವರೆಗೆ ಮನೆಯ ಮಾಳಿಗೆ, ಮೆಟ್ಟಿಲು, ಕಾಂಪೌಂಡು ಗೋಡೆಗಳ ಮೇಲೆಲ್ಲ ಸಾಲುಗಟ್ಟಿ ಹಚ್ಚುವುದು. ಹಳಗನ್ನಡ ಪಾಠ ಹೇಳಿ, ಉತ್ತರಪತ್ರಿಕೆ ತಿದ್ದಿ ದಿನ ಕಳೆಯುತ್ತಿದ್ದ ನನ್ನಂಥವನಿಗೆ ಇದೇಕೆ ಹಿಡಿಯಿತೆಂದು ಕೇಳಿದರೆ ನೇರವಾದ ಉತ್ತರವಿಲ್ಲ. ಹಿಡಿದ ಮೇಲೆ ಅದು ನನ್ನನ್ನು ಎಲ್ಲಿಗೆ ಕರೆದೊಯ್ದಿತೆಂಬುದನ್ನಷ್ಟೇ ಹೇಳಬಲ್ಲೆ.

2005ರ ದೀಪಾವಳಿಗೆ ನಾನು ಮೊದಲು ಮಾಡಿದ್ದು ವಿದ್ಯುದ್ದೀಪದ ಅಲಂಕಾರ. ಬಳ್ಳಾರಿಯಲ್ಲಿ ಆಗ ಗಣಿಯ ಹಣ ಹರಿಯುತ್ತಿದ್ದ ಕಾಲ. ಮದುವೆಯ ಚಪ್ಪರಗಳಲ್ಲಿ ನವಿಲು ಕುಣಿಯುತ್ತಿತ್ತು, ಕಮಾನುಗಳ ಮೇಲೆ ಬೆಳಕಿನ ನೀರು ಸುರಿಯುತ್ತಿತ್ತು. ನಾನೂ ಪೇಟೆಯಿಂದ ಹತ್ತಾರು ಸೀರಿಯಲ್ ಸೆಟ್ಟು ತಂದೆ. ಅದರ ಗುಟ್ಟು ಬಹಳ ಸರಳ. ಆರು ವೋಲ್ಟಿನ ಚಿಕ್ಕ ಬಲ್ಬುಗಳನ್ನು ಒಂದರ ಹಿಂದೊಂದು ಪೋಣಿಸಿದರೆ ಮೂವತ್ತೆಂಟು ಬಲ್ಬುಗಳು ಸೇರಿ ಮನೆಯ 230 ವೋಲ್ಟನ್ನು ಹಂಚಿಕೊಳ್ಳುತ್ತವೆ. ಆದರೆ ಒಂದು ಬಲ್ಬು ಸುಟ್ಟರೆ ಮೂವತ್ತೆಂಟೂ ಕತ್ತಲು. ಸುಟ್ಟದ್ದು ಯಾವುದೆಂದು ಹುಡುಕುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ. ಅವಿಭಕ್ತ ಕುಟುಂಬದ ನ್ಯಾಯವೂ ಹೆಚ್ಚುಕಡಿಮೆ ಹೀಗೆಯೇ ಇತ್ತೆಂದು ನನ್ನಾಕೆ ಆಗ ಹೇಳಿದ ಮಾತು ನೆನಪಿದೆ.

ನರಕಚತುರ್ದಶಿಯ ಸಂಜೆ ಎಲ್ಲವೂ ಹತ್ತಿತು. ಓಣಿಯ ಮಕ್ಕಳು ಕೇಕೆ ಹಾಕಿದರು. ಏಳೂವರೆಗೆ ಕರೆಂಟು ಹೋಯಿತು. ಸಿರುಗುಪ್ಪದಿಂದ ಹಬ್ಬಕ್ಕೆ ಬಂದಿದ್ದ ನನ್ನ ಅವ್ವ ಕತ್ತಲಲ್ಲಿಯೇ ಅಡುಗೆಮನೆಗೆ ಹೋಗಿ ಎರಡು ಪಣತಿ ಹಚ್ಚಿ ಹೊಸ್ತಿಲ ಎರಡೂ ಬದಿಗಿಟ್ಟಳು. "ಎಷ್ಟ್ ದೀಪ ಹಚ್ಚಿದ್ಯಪ್ಪಾ, ಒಂದಕ್ಕನ ಎಣ್ಣಿ ಹಾಕಿದ್ಯೇನು?" ಎಂದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಕೇಳಿದ್ದು ನಿಜವಾದ ಪ್ರಶ್ನೆ. ಮರುವರ್ಷದಿಂದ ನಾನು ಎಣ್ಣೆಗೆ ಬಂದೆ.

ಎಣ್ಣೆಗೆ ಬಂದವನು ಶಾಸನಗಳಿಗೆ ಬರಲೇಬೇಕು. ದೀಪಕ್ಕೆ ಹಳಗನ್ನಡದ ಅಚ್ಚ ಮಾತು ಸೊಡರ್. ತಮಿಳಿನ ಸುಡರ್ ಇದರ ಒಡಹುಟ್ಟು. ದೀವಿಗೆಯೆಂಬುದು ಸಂಸ್ಕೃತದ ದೀಪಿಕೆ ಪ್ರಾಕೃತದ ಹಾದಿಯಲ್ಲಿ ನಡೆದುಬಂದು ಕನ್ನಡದಲ್ಲಿ ನೆಲೆನಿಂತ ರೂಪ. ನಂದು ಎಂದರೆ ಆರು. ಆರದೆ ಉರಿಯುವುದು ನಂದಾದೀವಿಗೆ. ತಮಿಳು ಶಾಸನಗಳಲ್ಲಿಯೂ ನಂದಾ ವಿಳಕ್ಕು ಎಂದೇ ಇದೆ. ಆರುವುದೆಂಬ ಮಾತನ್ನು ನಮ್ಮ ಹಿರಿಯರು ಬಾಯಲ್ಲಿ ಆಡುತ್ತಿರಲಿಲ್ಲ. ದೀಪ ಆರಿಸು ಎನ್ನದೆ ದೀಪ ದೊಡ್ಡದು ಮಾಡು ಎನ್ನುತ್ತಿದ್ದರು. ಅಂಥ ಜನ ದೇವರ ದೀಪಕ್ಕೆ ಮಾತ್ರ ಆ ಅಳುಕಿನ ಕ್ರಿಯಾಪದವನ್ನೇ ನಿಷೇಧರೂಪದಲ್ಲಿ ಕಟ್ಟಿ ಹೆಸರಿಟ್ಟರು.

ಹೆಸರಿಟ್ಟರೆ ಸಾಲದು, ಎಣ್ಣೆ ಬೇಕು. ಇಲ್ಲಿಯೇ ನಮ್ಮ ಶಾಸನಗಳು ಕಾವ್ಯವನ್ನು ಬಿಟ್ಟು ಲೆಕ್ಕಕ್ಕಿಳಿಯುತ್ತವೆ. ಅರಸನ ಬಿರುದಾವಳಿ, ವಂಶದ ಹೊಗಳಿಕೆಗಳೆಲ್ಲ ಮುಗಿದ ಮೇಲೆ ಕೊನೆಗೆ ಬರುವ ದತ್ತಿಯ ಭಾಗವನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಓದದೆ ಬಿಡುತ್ತಾರೆ, ನಾನೂ ಬಿಟ್ಟವನೇ. ಗಾಣವೊಂದಕ್ಕೆ ಇಷ್ಟು ಸೊಲ್ಲಿಗೆ ಎಣ್ಣೆ ಎಂದು ತೆಲ್ಲಿಗರು, ಅಂದರೆ ಎಣ್ಣೆ ಗಾಣದವರು, ತಮ್ಮ ಮೇಲೆ ತಾವೇ ಕಟ್ಟು ಹಾಕಿಕೊಂಡು ಕೊಟ್ಟದ್ದು ಅಲ್ಲಿರುತ್ತದೆ. ಕೆಲವೆಡೆ ಗದ್ಯಾಣದ ಲೆಕ್ಕದಲ್ಲಿ ಹೊನ್ನನ್ನು ಇಡುಗಂಟಾಗಿಟ್ಟು ಅದರ ಬಡ್ಡಿಯಿಂದ ದೀಪ ನಡೆಸಿದ್ದುಂಟು. ಚೋಳರ ನಾಡಿನಲ್ಲಿ ಒಂದು ನಂದಾದೀಪಕ್ಕೆ ತೊಂಬತ್ತಾರು ಕುರಿ ಬಿಡುವ ಪದ್ಧತಿಯಿತ್ತು. ಸತ್ತ ಕುರಿಯ ಜಾಗಕ್ಕೆ ಮರಿ ಬಂದು ಮಂದೆಯ ಸಂಖ್ಯೆ ಕುಂದದಿರುವುದರಿಂದ ಅವಕ್ಕೆ ಸಾಯದ, ಮುಪ್ಪಾಗದ ಕುರಿಗಳೆಂದೇ ಹೆಸರು. ಆರದ ದೀಪಕ್ಕೆ ಸಾಯದ ಕುರಿ ಎಂಬ ಈ ಕಲ್ಪನೆಯ ಮುಂದೆ ನಮ್ಮ ಅನೇಕ ಕವಿಸಮಯಗಳು ಸಪ್ಪೆಯಾಗಿ ಕಾಣುತ್ತವೆ.

ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಹೋಗುವವರಿಗೆ ಕುರುಗೋಡಿನ ಬೆಟ್ಟಸಾಲು ಹೊಸದಲ್ಲ. ಇಂದು ತಾಲ್ಲೂಕು ಕೇಂದ್ರವಾಗಿರುವ ಈ ಊರು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಿಂದರ ರಾಜಧಾನಿಯಾಗಿತ್ತು. ಇಲ್ಲಿಯ ಎರಡು ಶಾಸನಗಳನ್ನು ಇಂಗ್ಲೆಂಡಿನ ವಿದ್ವಾಂಸ ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದಲ್ಲಿ ಸಂಪಾದಿಸಿ ಪ್ರಕಟಿಸಿದ್ದಾರೆ. ಈಗಿನ ಜನಕ್ಕೆ ಕುರುಗೋಡೆಂದರೆ ದೊಡ್ಡಬಸವೇಶ್ವರ; ಒಂದೇ ಕಲ್ಲಿನ ಆ ಬೃಹತ್ ನಂದಿ, ಅವನ ತೇರು. ಆದರೆ ಬೆಟ್ಟದ ಬುಡದಲ್ಲಿ ಚಾಲುಕ್ಯರ ಕಾಲದ ಗುಡಿಗಳು ಒಂದರ ಪಕ್ಕಕ್ಕೊಂದು ನಿಂತಿವೆ. ಒಂದೊಂದು ಗುಡಿಯಲ್ಲೂ ಒಂದು ಕಾಲಕ್ಕೆ ದಿನವೂ ದೀಪ ಉರಿದಿದ್ದರೆ ಊರಿಗೆ ಬೇಕಾಗಿದ್ದ ಗಾಣಗಳೆಷ್ಟು, ಎಳ್ಳಿನ ಹೊಲಗಳೆಷ್ಟು ಎಂದು ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕುವ ಚಟ ನನಗೆ ಆ ದಿನಗಳಲ್ಲಿ ಹತ್ತಿತು.

ಎಳ್ಳೆಂದೊಡನೆ ನೆನಪಿಗೆ ಬರುವವನು ನಿಕೊಲೊ ಕೊಂತಿ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರವನ್ನು ಕಂಡ ಈ ಇಟಲಿಯವನ ಮಾತುಗಳನ್ನು ಪೊಜ್ಜೊ ಎಂಬ ವಿದ್ವಾಂಸ ಬರೆದಿಟ್ಟ. ಹಬ್ಬವೊಂದರಲ್ಲಿ ಗುಡಿಗಳ ಒಳಗೂ ಮಾಡಿನ ಮೇಲೂ ಲೆಕ್ಕವಿಲ್ಲದಷ್ಟು ಎಳ್ಳೆಣ್ಣೆಯ ದೀಪಗಳನ್ನಿಟ್ಟು ಹಗಲಿರುಳು ಉರಿಸುತ್ತಾರೆಂದು ಅವನು ಹೇಳಿದ್ದಾನೆ. ದೀಪಾವಳಿಯನ್ನು ಕುರಿತ ಮಾತೇ ಇದೆಂಬುದರಲ್ಲಿ ಸಂಶಯಕ್ಕೆ ಎಡೆ ಕಡಿಮೆ. ಪ್ರವಾಸಿಯೊಬ್ಬ ಎಣ್ಣೆಯ ಜಾತಿಯನ್ನು ಗುರುತಿಸಿ ಹೇಳಿದನಲ್ಲ, ಅದಕ್ಕಾಗಿ ಅವನ ಮೇಲೆ ನನಗೆ ಪ್ರೀತಿ. ಒಂದು ಶತಮಾನದ ತರುವಾಯ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪಾಯೆಸ್ ಮಹಾನವಮಿಯ ರಾತ್ರಿಗಳನ್ನು ವರ್ಣಿಸುವಾಗ ಪಂಜುಗಳನ್ನೂ ಬಾಣಬಿರುಸುಗಳನ್ನೂ ಹೇಳುತ್ತಾನೆ. ಅದು ಅರಮನೆಯ ಬೆಳಕು, ಪ್ರತಾಪದ ಬೆಳಕು. ಕೊಂತಿ ಕಂಡದ್ದು ಮಾಡಿನ ಮೇಲೆ ಸಾಲಾಗಿಟ್ಟ ಪಣತಿಗಳ ಬೆಳಕು. ಅರಮನೆಯ ಬೆಳಕು ಅರಮನೆಯೊಂದಿಗೆ 1565ಕ್ಕೆ ಮುಗಿಯಿತು.

ಪಣತಿ ಮುಗಿಯಲಿಲ್ಲ. ನಮ್ಮ ಸೀಮೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ದೀಪಾವಳಿಯ ಅಮಾವಾಸ್ಯೆಗೆ ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡಿ ಹರಸುವುದನ್ನು ನೋಡಿದವರಿಗೆ ಇದು ಗೊತ್ತು. ಕಾರ್ತಿಕದಲ್ಲಿ ಬಿದಿರುಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಕಟ್ಟುವ ಆಕಾಶಬುಟ್ಟಿಯೂ ಇದೇ ಕುಲದ್ದು. ಪಿತೃಗಳಿಗೆ ದಾರಿ ತೋರುವ ಆಕಾಶದೀಪವೆಂಬ ಹಳೆಯ ನಂಬಿಕೆ ಅದರ ಹಿಂದಿದೆ.

ವಿದ್ಯುತ್ತಿನ ಕಥೆ ಚಿಕ್ಕದು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್ಮಸ್ ಗಿಡಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ ಎಂಬತ್ತು ಬಲ್ಬುಗಳನ್ನು ಕಟ್ಟಿ ಉರಿಸಿದ. ಇಪ್ಪತ್ತು ವರ್ಷ ತುಂಬಿದಾಗ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಮೈಸೂರಿನ ಅರಮನೆ ಒಂದು ಲಕ್ಷಕ್ಕೆ ಸಮೀಪದ ಬಲ್ಬುಗಳಿಂದ ಇಂದಿಗೂ ಜನರನ್ನು ಬೆರಗುಗೊಳಿಸುತ್ತದೆ. ಬಳ್ಳಾರಿ ಮಾತ್ರ ಆಗ ಮೈಸೂರಿನದಲ್ಲ, ಮದ್ರಾಸಿನದು; 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟರು. ಆ ದಶಕ ಮುಗಿಯುವುದರೊಳಗೆ ಅಣೆಕಟ್ಟಿನಡಿಯಲ್ಲೂ ಹಂಪಿಯ ಬಳಿಯಲ್ಲೂ ವಿದ್ಯುತ್ತು ಹುಟ್ಟಿತು. ವಿಜಯನಗರದ ಕಾಲದಿಂದಲೇ ಕಾಲುವೆಯ ನೀರುಂಡ ಸಿರುಗುಪ್ಪದಲ್ಲಿ ನಮ್ಮ ಮನೆಗೆ ಬಲ್ಬು ಬಂದಾಗ ನಾನು ಮೂರನೆಯ ತರಗತಿಯಲ್ಲಿದ್ದೆ. ಅಪ್ಪ ಸ್ವಿಚ್ಚು ಒತ್ತಿ ಕೈಮುಗಿದದ್ದು ಕಣ್ಣಿಗೆ ಕಟ್ಟಿದಂತಿದೆ. ಕಂದೀಲಿನ ಗಾಜು ಒರೆಸುವ ಕೆಲಸ ತಪ್ಪಿತೆಂದು ನಾನೂ ಮುಗಿದಿದ್ದೆ.

ಇನ್ನು ನನ್ನ ಕಸುಬು. ಬಡಗಿಯಿಂದ ಒಂಬತ್ತು ಮೆಟ್ಟಿಲಿನ ಹಲಗೆಯ ಮಂಟಪವೊಂದನ್ನು ಮಾಡಿಸಿಕೊಂಡೆ. ಪಣತಿಯನ್ನು ಹಿಂದಿನ ದಿನ ನೀರಿನಲ್ಲಿ ನೆನೆಸಿ ಒಣಗಿಸದಿದ್ದರೆ ಅದೇ ಎಣ್ಣೆ ಕುಡಿಯುತ್ತದೆ. ಬತ್ತಿ ಹೊಸೆಯಲು ಹತ್ತಿಗೆ ಬಳ್ಳಾರಿಯಲ್ಲಿ ಬರವಿಲ್ಲ. ಆದರೆ ಬಿಗಿಯಾಗಿ ಹೊಸೆದರೆ ಎಣ್ಣೆ ಏರದು, ಸಡಿಲವಾದರೆ ಹೊಗೆ. ಒಂದು ಪಣತಿಗೆ ಹದಿನೈದು ಮಿಲಿಲೀಟರು ಹಿಡಿದರೂ ಸಾವಿರ ದೀಪಕ್ಕೆ ಹದಿನೈದು ಲೀಟರು. ಆ ಲೆಕ್ಕ ಬರೆದ ದಿನ ತೆಲ್ಲಿಗರ ದಾನದ ತೂಕ ನನಗೆ ಮೊದಲ ಸಲ ಅರ್ಥವಾಯಿತು. ಹರಳೆಣ್ಣೆ ನಿಧಾನವಾಗಿ, ತಂಪಾಗಿ ಉರಿಯುತ್ತದೆ. ಎಳ್ಳೆಣ್ಣೆಯ ಬೆಳಕಿಗೆ ಹೊನ್ನಿನ ಬಣ್ಣ. ಕುಸುಬೆಯ ವಿಷಯ ಈಗ ಹೇಳಬೇಕು. ಹೇಳಲು ಮನಸ್ಸು ಹಿಂಜರಿಯುತ್ತದೆ.

2009ರ ಕಾರ್ತಿಕದಲ್ಲಿ ಕುರುಗೋಡಿನ ಸೀಮೆಯ ಒಂದು ಹಳೆಯ ಗುಡಿಯಲ್ಲಿ ಸಾವಿರ ದೀಪ ಹಚ್ಚೋಣವೆಂದು ಅಲ್ಲಿಯ ಯುವಕರನ್ನು ಹುರಿದುಂಬಿಸಿದವನು ನಾನು. ಗುಡಿಯ ಹೆಸರು ಬೇಡ, ತಪ್ಪು ಗುಡಿಯದಲ್ಲ. ಅಲ್ಲಿ ನವರಂಗದ ಗೋಡೆಗೆ ಒರಗಿಸಿದ ಒಂದು ಶಾಸನದ ಕಲ್ಲಿತ್ತು. ಅದರ ಕೊನೆಯ ಸಾಲುಗಳಲ್ಲಿ ಸೊಡರೆಣ್ಣೆ ಎಂಬ ಮಾತನ್ನು ನಾನೇ ಓದಿದ್ದೆ. ಆ ಮಾತಿನ ಸಂಭ್ರಮದಲ್ಲಿಯೇ ಕಲ್ಲಿನ ನೆತ್ತಿಯ ಮೇಲೂ ಬುಡದಲ್ಲೂ ಪಣತಿಗಳ ಸಾಲಿಡಿಸಿದೆ. ಎಂಟು ನೂರು ವರ್ಷಗಳ ದಾನ ಮತ್ತೆ ಬೆಳಗಿತೆಂದು ಭಾಷಣವನ್ನೂ ಮಾಡಿದೆ. ಊರಿನವರು ಎಣ್ಣೆ ಕೊಟ್ಟಿದ್ದರು, ಕುಸುಬೆಯೆಣ್ಣೆ. ಮುಂದಿನ ನಾಲ್ಕು ಕಾರ್ತಿಕಗಳಲ್ಲೂ ಹೀಗೆಯೇ ನಡೆಯಿತು.

2014ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಶಾಸನದ ಪಡಿಯಚ್ಚು ತೆಗೆಯಲು ಹೋದ. ಸಂಜೆ ನನ್ನ ಮನೆಗೆ ಬಂದು ಕಾಗದವನ್ನು ಮೇಜಿನ ಮೇಲೆ ಹರಡಿದ. ಮೇಲಿನ ಸಾಲುಗಳು ಮಸಕಾಗಿದ್ದರೂ ಓದಲು ಬರುತ್ತಿದ್ದವು. ಕೆಳಗಿನ ಮೂರು ಸಾಲುಗಳ ಜಾಗದಲ್ಲಿ ಅಕ್ಷರವೇ ಇರಲಿಲ್ಲ, ಬರೀ ಕಪ್ಪು. ಕುಸುಬೆಯೆಣ್ಣೆ ಗಾಳಿಗೆ ಬಿಟ್ಟರೆ ವಾರ್ನಿಷಿನಂತೆ ಗಟ್ಟಿಯಾಗುವ ಜಾತಿಯದು. ಮಸಿ, ದೂಳುಗಳೊಂದಿಗೆ ಕೂಡಿ ಅದು ಅಕ್ಷರಗಳ ಕೊರೆತದಲ್ಲಿ ತುಂಬಿ ಕಲ್ಲಿನಷ್ಟೇ ಕಲ್ಲಾಗಿತ್ತು. ಊರಿನ ಹುಡುಗರು ಹಬ್ಬದ ಮರುದಿನ ಶುಚಿ ಮಾಡಲೆಂದು ತೆಂಗಿನ ನಾರಿನಿಂದ ಉಜ್ಜಿದ್ದರಂತೆ. ಸವೆದದ್ದು ಎಷ್ಟು, ತುಂಬಿದ್ದು ಎಷ್ಟು ಎಂದು ಬೇರ್ಪಡಿಸುವಂತಿರಲಿಲ್ಲ.

"ಸರ್, ನೀವು ಓದಿದ್ದಿರಲ್ಲ, ಬರಕೊಂಡಿದ್ರೆ ಕೊಡ್ತೀರಾ?" ಎಂದು ಅವನು ಕೇಳಿದ. ನಾನು ಬರೆದುಕೊಂಡಿರಲಿಲ್ಲ. ಕಲ್ಲೆಂಬುದು ಎಲ್ಲಿಗೆ ಹೋಗುತ್ತದೆ, ಇನ್ನೊಮ್ಮೆ ಬಂದಾಗ ಬರೆದುಕೊಂಡರಾಯಿತು ಎಂದುಕೊಂಡಿದ್ದೆ. ಆ ಸಾಲುಗಳು ಎಲ್ಲಿಯೂ ಪ್ರಕಟವಾಗಿರಲಿಲ್ಲ. ಯಾರೋ ಗಾಣದವರು ಗಾಣಕ್ಕೆ ಎಷ್ಟು ಸೊಲ್ಲಿಗೆ ಎಣ್ಣೆ ಕೊಟ್ಟರೆಂಬ ಅಂಕಿಯೊಂದು ಅಲ್ಲಿತ್ತು. ಅದನ್ನು ಕಂಡ ಕಡೆಯ ಓದುಗ ನಾನು, ನನಗೆ ಅದು ನೆನಪಿಲ್ಲ. ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಪಾಠಾಂತರಗಳ ಮಹತ್ವವನ್ನು ಬೋಧಿಸಿದವನ ಸ್ಥಿತಿ ಇದು.

ಆ ವರ್ಷ ನಾನು ಕಾರ್ತಿಕಕ್ಕೆ ಮುಂಚೆ ಊರಿಗೆ ಹೋಗಿ, ಗುಡಿಯ ಒಳಗೆ ದೀಪ ಬೇಡ, ಅಂಗಳದಲ್ಲಿ ಮರಳು ಹಾಸಿ ಹಚ್ಚೋಣ ಎಂದು ಕೇಳಿಕೊಂಡೆ. ಯುವಕರು ಒಪ್ಪಿದರು. ದಿನವೂ ಗುಡಿಯ ಕಸ ಗುಡಿಸುವ ಹಿರಿಯಳೊಬ್ಬಳು ಮಾತ್ರ ಒಪ್ಪಲಿಲ್ಲ. ಕಲ್ಲಿನ ಮುಂದೆ ನಿಂತು, "ದೀಪಕ್ಕ ಎಣ್ಣಿ ಹಾಕ್ರಿ ಅಂತ ಈ ಕಲ್ಲಿನ್ಯಾಗ ಬರ್ದಾರ ಅಂತ ನೀವ ಹೇಳಿದ್ರಿ. ಹಾಕೀವಿ. ಅದರಾಗ ತಪ್ಪೇನೈತ್ರಿ, ಮೇಷ್ಟ್ರೇ?" ಎಂದು ಕೇಳಿದಳು. ಅಕ್ಷರ ಅಳಿಯುತ್ತದೆ ತಾಯಿ ಎಂದೆ. "ಅಕ್ಷರ ಉಳಿಸಾಕ ಕೊಟ್ಟಾರೇನ್ರಿ ಎಣ್ಣಿ?" ಎಂದಳು.

ಪ್ರಾಚೀನ ಸ್ಮಾರಕಗಳ ಸಂರಕ್ಷಣೆಯನ್ನು ಕುರಿತು ನಾನು ಉಪನ್ಯಾಸವನ್ನೇ ಕೊಡಬಲ್ಲೆ. ಆಕೆಯ ಮುಂದೆ ಅದಾವುದೂ ಬಾಯಿಗೆ ಬರಲಿಲ್ಲ. ದಾನಿಯ ಇಚ್ಛೆಗೆ ನಮ್ಮಿಬ್ಬರಲ್ಲಿ ಹೆಚ್ಚು ಹತ್ತಿರದಲ್ಲಿದ್ದವಳು ಆಕೆಯೇ ಎಂದು ಇಂದಿಗೂ ನನಗೆ ಅನ್ನಿಸುತ್ತದೆ. ಆದರೂ ಅಂಗಳದ ಮರಳಿನ ವಿಷಯದಲ್ಲಿ ನಾನು ಬಿಟ್ಟುಕೊಡಲಿಲ್ಲ.

ಈಗಲೂ ಪ್ರತಿ ಕಾರ್ತಿಕ ನನ್ನ ಒಂಬತ್ತು ಮೆಟ್ಟಿಲಿನ ಮಂಟಪ ಟೆಂಪೋ ಏರಿ ಕುರುಗೋಡಿನ ಕಡೆಗೆ ಹೋಗುತ್ತದೆ; ಅಂಗಳದಲ್ಲಿ ದೀಪ ಹತ್ತುತ್ತದೆ. ಎಳ್ಳೆಣ್ಣೆ, ಹರಳೆಣ್ಣೆ ಎರಡೇ. ಗುಡಿಯ ಹೊರಸಾಲಿಗೆ ಯುವಕರು ಎಲ್‌ಇಡಿ ಸರ ಕಟ್ಟುತ್ತಾರೆ, ನಾನು ಅಡ್ಡಿ ಮಾಡುವುದಿಲ್ಲ. ಅದಕ್ಕೆ ಮಸಿಯಿಲ್ಲ, ಒಂದು ಕೆಟ್ಟರೆ ಮನೆಯೆಲ್ಲ ಕತ್ತಲಾಗುವುದೂ ಅಪರೂಪ. ಒಳಗೆ, ಆ ಕಲ್ಲಿನ ಬುಡದಲ್ಲಿ, ಆಕೆ ಒಂದೇ ಒಂದು ಪಣತಿ ಇಡುತ್ತಾಳೆ. ಮೊದಲ ವರ್ಷ ಆಕೆ ಹೊರಟ ಮೇಲೆ ನಾನು ಅದನ್ನು ಒಂದು ಗೇಣು ಈಚೆಗೆ ಸರಿಸಿ ಅಡಿಗೆ ಹಿತ್ತಾಳೆಯ ತಟ್ಟೆಯೊಂದನ್ನು ಇಟ್ಟು ಬಂದೆ. ಮರುವರ್ಷ ಹೋದಾಗ ಆ ತಟ್ಟೆಯನ್ನು ಆಕೆಯೇ ಹುಣಸೆಹಣ್ಣು ಹಚ್ಚಿ ಬೆಳಗಿ, ಕಲ್ಲಿನಿಂದ ಒಂದು ಗೇಣು ದೂರಕ್ಕೆ ಇಟ್ಟಿದ್ದಳು.