ರಾಷ್ಟ್ರೀಯ ಫುಟ್‌ಬಾಲ್ ಕಪ್ ಫೈನಲ್‌ಗಳಲ್ಲಿ ಕರ್ನಾಟಕ

ಭಾರತದ ರಾಷ್ಟ್ರಮಟ್ಟದ ಫುಟ್‌ಬಾಲ್ ಕಪ್‌ಗಳು ಎರಡು ಬಗೆಯವು. ರೋವರ್ಸ್, ಡ್ಯುರಾಂಡ್, ಫೆಡರೇಶನ್ ಕಪ್‌ಗಳು ಕ್ಲಬ್ಬುಗಳಿಗೆ. ಸಂತೋಷ್ ಟ್ರೋಫಿ ರಾಜ್ಯ ತಂಡಗಳಿಗೆ, ಜೊತೆಗೆ ಸರ್ವಿಸಸ್ ಮತ್ತು ರೈಲ್ವೆಗೆ. ಎರಡು ಬಗೆಯಲ್ಲೂ ಕನ್ನಡನಾಡಿನ ತಂಡಗಳು ಗೆದ್ದಿವೆ. ಗೆಲುವುಗಳ ಪಟ್ಟಿ ಮಾಡಲು ಕೂತಾಗ ಮಾತ್ರ ತೊಡಕು ಶುರುವಾಗುತ್ತದೆ. ಒಂದು ಪಟ್ಟಿಯಲ್ಲಿ ‘ಮೈಸೂರು’, ಇನ್ನೊಂದರಲ್ಲಿ ‘ಕರ್ನಾಟಕ’. ಪಂದ್ಯಾವಳಿ ವರ್ಷಾಂತ್ಯದಲ್ಲಿ ಶುರುವಾಗಿ ಮುಂದಿನ ವರ್ಷಕ್ಕೆ ಚಾಚುತ್ತಿದ್ದುದರಿಂದ 1967 ಎಂದು ಒಬ್ಬರು ಬರೆದದ್ದು ಇನ್ನೊಬ್ಬರಲ್ಲಿ 1967-68. ಡ್ರಾ ಆಗಿ ಮರುಪಂದ್ಯ ಕಂಡ ಫೈನಲ್‌ಗಳಿಗೆ ಎರಡೆರಡು ಸ್ಕೋರು. ಕ್ಲಬ್ ಗೆದ್ದದ್ದನ್ನು ರಾಜ್ಯದ ಖಾತೆಗೆ ಬರೆದುಕೊಂಡವರೂ ಇದ್ದಾರೆ.

ರೋವರ್ಸ್ ಕಪ್

ರೋವರ್ಸ್ ಕಪ್ 1891ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ನಲವತ್ತು ವರ್ಷಕ್ಕೂ ಮಿಕ್ಕಿ ಅದನ್ನು ಗೋರಾ ಪಲ್ಟನ್ನುಗಳೇ ಹಂಚಿಕೊಂಡವು. 1923ರಲ್ಲಿ ಕಲ್ಕತ್ತಾದ ಮೋಹನ್ ಬಗಾನ್ ಫೈನಲ್ ತಲುಪಿ ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಕಪ್ ಎತ್ತಿತು. ಈ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಅದು. ಎದುರಾಳಿ ಸಾಮಾನ್ಯ ತಂಡವಲ್ಲ. 1934ರಿಂದ 1938ರವರೆಗೆ ಸತತ ಐದು ಬಾರಿ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಆಗ ಉತ್ತುಂಗದಲ್ಲಿತ್ತು. ಅದನ್ನು ಬೆಂಗಳೂರಿನವರು ಒಂದೇ ಗೋಲಿನಿಂದ ಸೋಲಿಸಿದರು. 1938ರಲ್ಲಿ ಮತ್ತೆ ಗೆದ್ದರು. 1940ರ ಫೈನಲ್‌ನಲ್ಲಿ ಮೊಹಮ್ಮಡನ್ ಸೇಡು ತೀರಿಸಿಕೊಂಡಿತು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಗಾನನ್ನು ಮಣಿಸಿ ಮೂರನೇ ಸಲ ಕಪ್ ತಂದಿತು.

‘ಬ್ರಿಟಿಷರ ಕಪ್ ಗೆದ್ದ ಮೊದಲ ಭಾರತೀಯ ತಂಡ ಯಾವುದು’ ಎಂಬ ಪ್ರಶ್ನೆಗೆ ಮೂರು ಉತ್ತರಗಳು ಚಾಲ್ತಿಯಲ್ಲಿವೆ. ಮೂರೂ ತಮ್ಮ ತಮ್ಮ ಕಪ್‌ನ ಮಟ್ಟಿಗೆ ಸರಿ: 1911ರ ಮೋಹನ್ ಬಗಾನ್ ಗೆದ್ದದ್ದು ಐಎಫ್‌ಎ ಶೀಲ್ಡ್, 1937ರ ಬೆಂಗಳೂರು ಮುಸ್ಲಿಮ್ಸ್ ಗೆದ್ದದ್ದು ರೋವರ್ಸ್, 1940ರ ಮೊಹಮ್ಮಡನ್ ಗೆದ್ದದ್ದು ಡ್ಯುರಾಂಡ್. ಮೊದಲನೆಯದಕ್ಕೆ ಸಿನಿಮಾ, ಸ್ಮಾರಕ, ಅಂಚೆಚೀಟಿ ಎಲ್ಲ ಬಂದವು. ಎರಡನೆಯದು ಬೆಂಗಳೂರಿನಲ್ಲೇ ಅನೇಕರಿಗೆ ಗೊತ್ತಿಲ್ಲ.

‘ಮೈಸೂರು’ ತಂಡ ಯಾರದು?

ಸಂತೋಷ್ ಟ್ರೋಫಿ 1941ರಲ್ಲಿ ಶುರುವಾಯಿತು. ಇಂದಿನ ಬಾಂಗ್ಲಾದೇಶದಲ್ಲಿರುವ ಸಂತೋಷ್ ಎಂಬ ಜಮೀನ್ದಾರಿಯ ರಾಜಾ ಮನ್ಮಥನಾಥ ರಾಯ್ ಚೌಧರಿಯವರ ನೆನಪಿಗೆ ಆ ಹೆಸರು. ಮೈಸೂರು ತಂಡ 1946ರಲ್ಲಿ ಬೆಂಗಳೂರಿನಲ್ಲಿ ಬಂಗಾಳವನ್ನು ಎದುರಿಸಿತು. ಮೊದಲ ಪಂದ್ಯ ಗೋಲಿಲ್ಲದೆ ಮುಗಿದು, ಮರುಪಂದ್ಯದಲ್ಲಿ ಮೈಸೂರು 2-1ರಿಂದ ಗೆದ್ದಿತು. 1952ರಲ್ಲಿ ಬೆಂಗಳೂರಿನಲ್ಲೇ ಮತ್ತೆ ಬಂಗಾಳದ ಮೇಲೆ 1-0.

ಈ ಎರಡು ಗೆಲುವುಗಳನ್ನು ಇಂದಿನ ಕರ್ನಾಟಕದ ಗೆಲುವು ಎಂದು ಎಣಿಸುವುದು ವಾಡಿಕೆ. ಧಾರವಾಡ ಜಿಲ್ಲೆಯ ಕಡೆಯಿಂದ ನೋಡಿದರೆ ಆ ಲೆಕ್ಕ ಅಷ್ಟು ಸಲೀಸಾಗಿ ಕೂಡುವುದಿಲ್ಲ. 1946ರಲ್ಲಿ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಇಂದಿನ ತಾಲ್ಲೂಕು ಕೇಂದ್ರ ಕುಂದಗೋಳ ಜಮಖಂಡಿ ಸಂಸ್ಥಾನದ್ದು; 1948ರಲ್ಲಿ ಆ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಯಿತು. ಹುಬ್ಬಳ್ಳಿಯಿಂದ ಕುಂದಗೋಳ, ಸಂಶಿ, ಗುಡಗೇರಿ, ಹಾವೇರಿ ದಾಟಿ ಹೋಗುವ ರೈಲು ಹರಿಹರದ ಬಳಿ ತುಂಗಭದ್ರೆಯ ಸೇತುವೆ ಹಾಯ್ದ ಮೇಲೆ ಮೈಸೂರು ಸೀಮೆ. ಸಂಶಿಯಲ್ಲಿ ರೈಲು ಹತ್ತಿದವರಿಗೆ ಬೆಂಗಳೂರು ಪರರಾಜ್ಯದ ಊರು, ರೋವರ್ಸ್ ಕಪ್ ನಡೆಯುತ್ತಿದ್ದ ಮುಂಬಯಿ ಅವರ ಕಡೆಯ ರಾಜಧಾನಿ. ಆಡಳಿತದ ಗಡಿಯನ್ನೇ ಪ್ರಮಾಣವಾಗಿ ಹಿಡಿದರೆ, 1952ರ ಮೈಸೂರು ಗೆಲುವಿಗಿಂತ 1954ರಲ್ಲಿ ಮದ್ರಾಸಿನಲ್ಲಿ ಸರ್ವಿಸಸ್ ವಿರುದ್ಧ ಮುಂಬಯಿ ಪಡೆದ 2-1 ಗೆಲುವು ಧಾರವಾಡ ಕಡೆಯವರಿಗೆ ಹತ್ತಿರದ್ದು. ಕಲಬುರಗಿ, ರಾಯಚೂರು, ಬೀದರ್ ಆಗ ಹೈದರಾಬಾದಿನಲ್ಲಿ, ಮಂಗಳೂರು ಮತ್ತು ಬಳ್ಳಾರಿ ಮದ್ರಾಸಿನಲ್ಲಿ. ಬಳ್ಳಾರಿ 1953ರಲ್ಲಿ ಮೈಸೂರಿಗೆ ಬಂತು.

ಬೆಂಗಳೂರಿನೊಳಗೂ ಗೆರೆ ಇತ್ತು. ಫುಟ್‌ಬಾಲ್ ಬೇರುಬಿಟ್ಟದ್ದು ದಂಡು ಪ್ರದೇಶದಲ್ಲಿ. ಬ್ರಿಟಿಷರ ಕೈಯಲ್ಲಿದ್ದ ಆ ಭಾಗ ಮೈಸೂರು ಮಹಾರಾಜರ ಆಡಳಿತಕ್ಕೆ ಮರಳಿದ್ದು 1947ರಲ್ಲಿ, ಅಂದರೆ ಮೊದಲ ಸಂತೋಷ್ ಟ್ರೋಫಿ ಗೆದ್ದ ಮೇಲೆ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರಗಳಲ್ಲಿ ಆ ಗೀಳು ಇನ್ನೂ ಇದೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮತ್ತು ಅದೇ ತಂಡದ ಅಹಮದ್ ಖಾನ್ ಇಬ್ಬರೂ ಬೆಂಗಳೂರಿನ ಆಟಗಾರರು.

1953, 1955 ಮತ್ತು 1962ರ ಫೈನಲ್‌ಗಳಲ್ಲಿ ಮೈಸೂರು ಬಂಗಾಳಕ್ಕೆ ಸೋತಿತು. 1956ರ ನವೆಂಬರ್ 1ರ ಏಕೀಕರಣದ ನಂತರ ‘ಮೈಸೂರು’ ಎಂಬ ಹೆಸರಿನೊಳಗೆ ಧಾರವಾಡವೂ ಸೇರಿತು. ಹಾಗಾಗಿ 1967ರಲ್ಲಿ ಕಟಕ್‌ನಲ್ಲಿ, 1968ರಲ್ಲಿ ಬೆಂಗಳೂರಿನಲ್ಲಿ ಗೆದ್ದದ್ದು ಹೆಸರಿಗೆ ಮೈಸೂರಾದರೂ ನೆಲದ ಲೆಕ್ಕದಲ್ಲಿ ಇಂದಿನ ಕರ್ನಾಟಕವೇ. ಎರಡೂ ಸಲ ಸೋತದ್ದು ಬಂಗಾಳ, ಎರಡೂ ಸಲ ಒಂದೇ ಗೋಲಿನಿಂದ. 1968ರದ್ದು ಮರುಪಂದ್ಯದಲ್ಲಿ ತೀರ್ಮಾನವಾದದ್ದು. 1970ರಲ್ಲಿ ಪಂಜಾಬ್ ಎದುರು ಸೋಲು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮೇಲಿನ ಮೊದಲ ಫೈನಲ್ 1975ರದ್ದು. ಕಲ್ಲಿಕೋಟೆಯಲ್ಲಿ ಮತ್ತೆ ಬಂಗಾಳವೇ ಗೆದ್ದಿತು. 1946ರಿಂದ 1975ರವರೆಗಿನ ಒಂಬತ್ತು ಫೈನಲ್‌ಗಳಲ್ಲಿ ಎಂಟು ಬಂಗಾಳದ ಎದುರು. ಭಾರತದ ಫುಟ್‌ಬಾಲ್ ಎಂದರೆ ಕಲ್ಕತ್ತಾ, ಗೋವಾ, ಕೇರಳ ಎಂದು ಬರೆಯುವವರು ಈ ಅಂಕಿಯನ್ನು ಗಮನಿಸಿದಂತಿಲ್ಲ.

ಫೆಡರೇಶನ್ ಕಪ್

ಸಣ್ಣ ಊರಿನ ಕ್ಲಬ್ಬುಗಳೂ ಕೈಚಾಚಿದ ದೊಡ್ಡ ಕಪ್ ಫೆಡರೇಶನ್ ಕಪ್. ಪಂಜಾಬಿನ ಫಗ್ವಾರಾದ ಜೆಸಿಟಿ ಮಿಲ್ಸ್, ಗೋವಾದ ವಾಸ್ಕೋದ ಸಾಲ್ಗಾಂವ್ಕರ್ ಮುಂದೆ ಅದನ್ನು ಗೆದ್ದವು. ಎರಡರ ಹಿಂದೆಯೂ ಕಾರ್ಖಾನೆ, ಉದ್ಯಮಗಳ ಬೆಂಬಲವಿತ್ತು. ಕರ್ನಾಟಕದಲ್ಲಿ ಆ ಬಗೆಯ ಕ್ಲಬ್ ಎಂದರೆ ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್). 1948ರಲ್ಲಿ ಸ್ಥಾಪನೆಯಾದ ಟೆಲಿಫೋನ್ ಕಾರ್ಖಾನೆಯ ಸುತ್ತ ಬೆಳೆದ ದೂರವಾಣಿನಗರಕ್ಕೆ ತನ್ನದೇ ಊರಿನ ಚಹರೆ ಇತ್ತು. ಕಾರ್ಖಾನೆಯ ನೌಕರಿಯೇ ಆಟಗಾರರಿಗೆ ಆಧಾರ.

1977ರಲ್ಲಿ ಎರ್ನಾಕುಲಂನಲ್ಲಿ ನಡೆದ ಮೊಟ್ಟಮೊದಲ ಫೆಡರೇಶನ್ ಕಪ್ ಫೈನಲ್‌ನಲ್ಲಿ ಐಟಿಐ ಮೋಹನ್ ಬಗಾನನ್ನು 1-0ರಿಂದ ಸೋಲಿಸಿತು. ಆ ವರ್ಷದ ಮೋಹನ್ ಬಗಾನ್ ಎಂಥ ತಂಡವೆಂದರೆ, ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ಜೊತೆ 2-2 ಡ್ರಾ ಮಾಡಿಕೊಂಡಿತು, ಐಎಫ್‌ಎ ಶೀಲ್ಡ್, ರೋವರ್ಸ್, ಡ್ಯುರಾಂಡ್ ಮೂರನ್ನೂ ಗೆದ್ದಿತು. ಫೆಡರೇಶನ್ ಕಪ್ ಮಾತ್ರ ಕೈಗೆ ಸಿಗಲಿಲ್ಲ. ಬಂಗಾಳದ ಬರಹಗಳಲ್ಲಿ ಈ ವರ್ಷ ‘ತ್ರಿವಳಿ ಕಿರೀಟ’ದ ವರ್ಷ, ಐಟಿಐ ಹೆಸರು ಅಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಕರ್ನಾಟಕದ ಕ್ಲಬ್ ಫುಟ್‌ಬಾಲಿನಲ್ಲಿ 1937ರ ನಂತರ ಇದಕ್ಕಿಂತ ದೊಡ್ಡ ತಿರುವು ಇಲ್ಲ.

ಆ ಕಪ್‌ನ ಕೊನೆಯ ಫೈನಲ್ 2017ರ ಮೇ 21ರಂದು ಕಟಕ್‌ನಲ್ಲಿ ನಡೆಯಿತು. ಬೆಂಗಳೂರು ಎಫ್‌ಸಿ ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಹೊಡೆದ ಎರಡು ಗೋಲುಗಳಿಂದ ಗೆದ್ದಿತು. ಸೋತದ್ದು ಮೋಹನ್ ಬಗಾನ್. ಹೀಗೆ ಕಪ್‌ನ ಮೊದಲ ಮತ್ತು ಕೊನೆಯ ಫೈನಲ್ ಎರಡೂ ಬೆಂಗಳೂರಿನ ಕ್ಲಬ್ಬುಗಳ ಪಾಲಾದವು, ಎರಡರಲ್ಲೂ ಎದುರಾಳಿ ಒಂದೇ. 2018ರ ಸೂಪರ್ ಕಪ್, 2022ರ ಡ್ಯುರಾಂಡ್ ಕಪ್ ಕೂಡ ಬೆಂಗಳೂರು ಎಫ್‌ಸಿಗೆ ಬಂದವು.

ರಿಯಾದ್, 2023

ಸಂತೋಷ್ ಟ್ರೋಫಿಯ 2022-23ರ ಸೆಮಿಫೈನಲ್ ಮತ್ತು ಫೈನಲ್‌ಗಳು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದವು. ಪಂದ್ಯಾವಳಿ ದೇಶದ ಹೊರಗೆ ಹೋದದ್ದು ಅದೇ ಮೊದಲು. 1975ರ ನಂತರ ಮೊದಲ ಬಾರಿ ಫೈನಲ್ ತಲುಪಿದ ಕರ್ನಾಟಕಕ್ಕೆ, ಎಂದೂ ಫೈನಲ್ ಆಡಿರದ ಮೇಘಾಲಯ ಎದುರಾಯಿತು. ಮಾರ್ಚ್ 4ರಂದು ಆಟ ಶುರುವಾದ ಎರಡು ನಿಮಿಷಕ್ಕೆ ಸುನಿಲ್ ಕುಮಾರ್ ಕರ್ನಾಟಕದ ಖಾತೆ ತೆರೆದರು. ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ಬೇಕಿ ಓರಾಂ ಮತ್ತೆ ಮುನ್ನಡೆ ಕೊಟ್ಟರು. ವಿರಾಮಕ್ಕೆ ತುಸು ಮುಂಚೆ ರಾಬಿನ್ ಯಾದವ್ ದೂರದಿಂದ ಒದ್ದ ಫ್ರೀಕಿಕ್ ನೇರ ಬಲೆ ಸೇರಿತು. ದ್ವಿತೀಯಾರ್ಧದಲ್ಲಿ ಮೇಘಾಲಯ ಒಂದು ಗೋಲು ಹಿಂದಿರುಗಿಸಿದರೂ ಪಂದ್ಯ 3-2ಕ್ಕೆ ಮುಗಿಯಿತು. ಪತ್ರಿಕೆಗಳು ‘54 ವರ್ಷಗಳ ನಂತರ’ ಎಂದು ಬರೆದದ್ದು 1968-69ರ ಋತುವಿನಿಂದ ಎಣಿಸಿ.

ರಾಜ್ಯದ ಖಾತೆಯಲ್ಲಿ ಐದು ಸಂತೋಷ್ ಟ್ರೋಫಿಗಳಿವೆ ಎಂಬುದರಲ್ಲಿ ತಕರಾರಿಲ್ಲ. ಆದರೆ ಪಠ್ಯಪುಸ್ತಕ, ಕೈಪಿಡಿಗಳನ್ನು ಸಿದ್ಧಪಡಿಸುವವರು 1946 ಮತ್ತು 1952ನ್ನು ಹಳೆ ಮೈಸೂರಿನವು ಎಂದೂ, 1967 ಮತ್ತು 1968ನ್ನು ವಿಶಾಲ ಮೈಸೂರಿನವು ಎಂದೂ, 2023ನ್ನು ಕರ್ನಾಟಕದ್ದು ಎಂದೂ ಬಿಡಿಸಿ ನಮೂದಿಸಬೇಕು.