ಮಲಪ್ರಭೆಯ ಕಲ್ಲು ಓದಿದವರು

ಸವದತ್ತಿಯ ಸಮೀಪ ಮಲಪ್ರಭಾ ನದಿ ಗುಡ್ಡದ ಸಾಲೊಂದನ್ನು ಸೀಳಿಕೊಂಡು ಹರಿಯುತ್ತದೆ. ಆ ಇಕ್ಕಟ್ಟಾದ ಜಾಗವೇ ನವಿಲುತೀರ್ಥ. ಅಲ್ಲಿನ ಅಣೆಕಟ್ಟನ್ನೂ ಅದರ ಹಿಂದೆ ಹರಡಿದ ರೇಣುಕಾಸಾಗರವನ್ನೂ ನೋಡಲು ಬರುವವರು ಬಹಳ. ನೀರನ್ನು ತಡೆದು ನಿಂತ ಬಂಡೆಯನ್ನು ಗಮನಿಸುವವರು ಕಡಿಮೆ. ಆದರೆ ಆ ಬಂಡೆಯ ಚರಿತ್ರೆ ಸುಮಾರು ಒಂದೂವರೆ ಶತಮಾನದ ಹಿಂದೆಯೇ ಅಚ್ಚಾಗಿದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸ್ಥಾಪನೆಯಾದದ್ದು 1851ರಲ್ಲಿ, ಮುಖ್ಯವಾಗಿ ಕಲ್ಲಿದ್ದಲನ್ನು ಹುಡುಕುವುದಕ್ಕಾಗಿ. 1858ರಲ್ಲಿ ಅದನ್ನು ಸೇರಿದ ರಾಬರ್ಟ್ ಬ್ರೂಸ್ ಫೂಟ್, ಆಗ ದಕ್ಷಿಣ ಮರಾಠಾ ಪ್ರಾಂತ್ಯವೆಂದು ಕರೆಯಲಾಗುತ್ತಿದ್ದ ಈ ಸೀಮೆಯ ಶಿಲೆಗಳನ್ನು ಸಮೀಕ್ಷೆ ಮಾಡಿದರು. ಅವರ ವರದಿ 1876ರಲ್ಲಿ ಸಂಸ್ಥೆಯ ಗ್ರಂಥಮಾಲೆಯ 12ನೆಯ ಸಂಪುಟವಾಗಿ ಪ್ರಕಟವಾಯಿತು. ಸವದತ್ತಿ, ರಾಮದುರ್ಗಗಳ ಗುಡ್ಡಗಳಿಂದ ಬಾಗಲಕೋಟೆಯವರೆಗೆ ಹಬ್ಬಿದ ಶಿಲಾಶ್ರೇಣಿಗೆ ಅವರು ಕಲಾದಗಿ ಊರಿನ ಹೆಸರನ್ನಿಟ್ಟರು. ಭೂವಿಜ್ಞಾನದಲ್ಲಿ ಇಂದಿಗೂ ಆ ಹೆಸರೇ ನಡೆಯುತ್ತಿದೆ.

ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿ ಪದರಪದರವಾಗಿ ಶೇಖರವಾದ ಮರಳು ಗಟ್ಟಿಗೊಂಡು ಕ್ವಾರ್ಟ್ಜೈಟ್ ಆಯಿತು. ಸುಣ್ಣದ ಕೆಸರು ಸುಣ್ಣಕಲ್ಲಾಯಿತು. ಕಿತ್ತೂರಿನ ಕಡೆಗೆ ಹೋದರೆ ಇವೆರಡಕ್ಕಿಂತ ಹಳೆಯದಾದ ಧಾರವಾಡ ಶಿಲೆ ಸಿಗುತ್ತದೆ. ಬೈಲಹೊಂಗಲದಿಂದ ಬೆಳಗಾವಿಯತ್ತ ಸಾಗಿದರೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿಹರಿದ ದಖ್ಖನ್ ಲಾವಾ. ಈ ಕಪ್ಪುಕಲ್ಲು ಸವೆದು ಎರೆಮಣ್ಣಾಗುತ್ತದೆ.

ಫೂಟರ ವರದಿ ಕಚೇರಿಯ ಕಡತವಾಗಿ ಉಳಿಯದೆ ಅಚ್ಚಾಗಿ ಹೊರಬಂದುದರಿಂದ ಅದಕ್ಕೆ ಬೇರೆ ಬೇರೆ ಕ್ಷೇತ್ರಗಳ ಓದುಗರು ದೊರೆತರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಧವನ್ನು ಗುರುತಿಸಿದ್ದ ಫೂಟರು ಮಲಪ್ರಭೆಯ ಕಣಿವೆಯಲ್ಲಿಯೂ ಅಂಥವನ್ನು ಕಂಡರು. ಆದಿಮಾನವ ಆಯುಧಕ್ಕಾಗಿ ಆರಿಸಿಕೊಂಡದ್ದು ಇದೇ ಕ್ವಾರ್ಟ್ಜೈಟನ್ನು. ಆ ಜಾಡಿನಲ್ಲಿಯೇ ಮುಂದೆ ಆರ್. ವಿ. ಜೋಶಿ ಈ ಕಣಿವೆಯ ಪ್ರಾಚೀನ ಮಣ್ಣು, ಜಲ್ಲಿಪದರಗಳನ್ನು ಅಧ್ಯಯನ ಮಾಡಿದರು. ಪುಣೆಯ ಡೆಕ್ಕನ್ ಕಾಲೇಜು ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳು ಕೂಡಿ 1955ರಲ್ಲಿ ಅವರ ಗ್ರಂಥವನ್ನು ಪ್ರಕಟಿಸಿದವು. ಕಲ್ಲಿದ್ದಲಿಗಾಗಿ ಹುಟ್ಟಿದ ಇಲಾಖೆಯ ಅರಿವು ಹೀಗೆ ಮಾನವ ಚರಿತ್ರೆಯ ಪಾಠವಾಯಿತು.

ಉದ್ಯಮಕ್ಕೆ ಬೇಕಾದದ್ದು ಸುಣ್ಣಕಲ್ಲು. ಬಾಗಲಕೋಟೆಯಲ್ಲಿಯೂ ರಾಮದುರ್ಗಕ್ಕೆ ಹತ್ತಿರದ ಯಾದವಾಡದಲ್ಲಿಯೂ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿರುವುದು ಕಲಾದಗಿ ಶ್ರೇಣಿಯ ಸುಣ್ಣಕಲ್ಲನ್ನು ನಂಬಿಯೇ. ನೀರಾವರಿಯವರಿಗೆ ಬೇಕಾದದ್ದು ಗಟ್ಟಿ ಬಂಡೆಯ ನಡುವಿನ ಕಿರಿದಾದ ಕಣಿವೆ. ನವಿಲುತೀರ್ಥದಲ್ಲಿ ಅದು ಸಿದ್ಧವಾಗಿಯೇ ಇತ್ತು. 1970ರ ದಶಕದ ಆರಂಭದಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ಈಗ ಸುಮಾರು 37 ಟಿ.ಎಂ.ಸಿ. ಅಡಿ ನೀರು ನಿಲ್ಲಬಲ್ಲದು.

ಆದರೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ಕಲ್ಲಿನ ಸಂಗತಿ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು ಕೊಳವೆಬಾವಿ ತೋಡಿಸುವ ರೈತನಿಗೆ. ಕ್ವಾರ್ಟ್ಜೈಟಿನಲ್ಲಿ ನೀರು ಬಿರುಕುಗಳಲ್ಲಿ ಮಾತ್ರ ಸಿಗುತ್ತದೆ. ಸುಣ್ಣಕಲ್ಲಿನಲ್ಲಿ ಕರಗಿ ಉಂಟಾದ ಪೊಳ್ಳುಗಳಲ್ಲಿ. ಲಾವಾ ನೆಲದಲ್ಲಿ ಪದರಗಳ ಸಂದುಗಳಲ್ಲಿ. ಒಂದು ಹೊಲದಲ್ಲಿ ಗಂಗೆ ಉಕ್ಕಿದರೆ ಪಕ್ಕದ ಹೊಲದಲ್ಲಿ ಬರೀ ಧೂಳು ಹಾರುವುದು ಇದೇ ಕಾರಣಕ್ಕೆ. ಸಂಸ್ಥೆಯ ನಕ್ಷೆಗಳು ಇಂದು ಭೂಕೋಶ್ ಎಂಬ ಜಾಲತಾಣದಲ್ಲಿ ಉಚಿತವಾಗಿಯೇ ದೊರೆಯುತ್ತವೆ. ದೇಶದ ಅಂತರ್ಜಲ ಪದರಗಳನ್ನು ಗುರುತಿಸುವ ಕಾರ್ಯಕ್ರಮವೂ 2012ರಿಂದ ನಡೆದು ಬಂದಿದೆ. ಪ್ರಾಧ್ಯಾಪಕರು, ಗಣಿ ಕಂಪನಿಗಳು ಅವನ್ನು ಓದಬಲ್ಲರು. ಸಾಲ ಮಾಡಿ ಬೋರಿನ ಗಾಡಿ ಕರೆಸುವ ರೈತ ಮಾತ್ರ ಇಂದಿಗೂ ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವರ ಹಿಂದೆ ನಡೆಯುತ್ತಾನೆ. 1876ರಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟ ತಿಳಿವಳಿಕೆ ಅವನ ಹೊಲದ ಬದುವಿಗೆ, ಅವನ ಮಾತಿನಲ್ಲಿ, ಇನ್ನೂ ಬಂದು ಮುಟ್ಟಬೇಕಾಗಿದೆ.